ಆಕ್ಷೇಪವನ್ನು ಉಳಿಸಿದ ಉತ್ತರ

ದೇವರು ಸರ್ವಶಕ್ತನಾಗಿದ್ದರೆ ಲೋಕವನ್ನು ತಿದ್ದಲು ತಾನೇ ಭೂಮಿಗೆ ಇಳಿದು ಬರಬೇಕಾದ ಅಗತ್ಯವೇನಿತ್ತು? ಬರುವುದೇ ಆಗಿದ್ದರೆ ಅಷ್ಟೊಂದು ಯುಗಗಳ ಕಾಲ ಏಕೆ ತಡಮಾಡಿದ? ಸತ್ತ ಯೇಸು ಮತ್ತೆ ಎದ್ದು ಬಂದದ್ದು ನಿಜವಾದರೆ ತನಗೆ ಮರಣದಂಡನೆ ವಿಧಿಸಿದವರ ಮುಂದೆ ಏಕೆ ಕಾಣಿಸಿಕೊಳ್ಳಲಿಲ್ಲ? ಕ್ರೈಸ್ತ ನಂಬಿಕೆಯನ್ನು ಕುರಿತ ಇಂಥ ಪ್ರಶ್ನೆಗಳು ಕಿವಿಗೆ ಬಿದ್ದಾಗ ಇವು ವಿಜ್ಞಾನಯುಗದ ವಿಚಾರವಾದಿಗಳು ಎತ್ತಿದವು ಎಂದೇ ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವು ಹದಿನೆಂಟು ಶತಮಾನಗಳಿಗೂ ಹಿಂದಿನವು. ಅವು ನಮ್ಮ ಕಾಲದವರೆಗೆ ಉಳಿದು ಬಂದ ಬಗೆ ಆ ವಾದದಷ್ಟೇ ಕುತೂಹಲಕರವಾದುದು.

ಈ ಪ್ರಶ್ನೆಗಳನ್ನು ಒಂದೆಡೆ ಕಲೆಹಾಕಿದವನು ಸೆಲ್ಸಸ್ ಎಂಬ ಗ್ರೀಕ್ ತತ್ತ್ವಜ್ಞಾನಿ. ಕ್ರಿ.ಶ. 178ರ ಸುಮಾರಿಗೆ ಆತ ‘ಸತ್ಯವಚನ’ ಎಂಬ ಅರ್ಥದ ಹೆಸರಿಟ್ಟು ಒಂದು ಗ್ರಂಥ ಬರೆದ. ಕ್ರೈಸ್ತ ಮತವನ್ನು ವಿಸ್ತಾರವಾಗಿ ಖಂಡಿಸಿದ, ನಮಗೆ ತಿಳಿದಿರುವ ಗ್ರಂಥಗಳಲ್ಲಿ ಇದೇ ಮೊದಲನೆಯದು. ಅದು ರೋಮನ್ ಚಕ್ರವರ್ತಿ ಮಾರ್ಕಸ್ ಆರೀಲಿಯಸನ ಕಾಲ. ಕ್ರೈಸ್ತರು ಆಗ ಸಣ್ಣ ಸಂಖ್ಯೆಯಲ್ಲಿದ್ದರು. ಕಾನೂನಿನ ರಕ್ಷಣೆ ಅವರಿಗಿರಲಿಲ್ಲ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಅನೇಕ ಕ್ರೈಸ್ತರನ್ನು ಚಿತ್ರಹಿಂಸೆಗೆ ಗುರಿಮಾಡಿ ಕೊಲ್ಲಲಾಗಿತ್ತು.

ಸೆಲ್ಸಸ್ ಬರಿಯ ಗಾಳಿಮಾತನ್ನು ನಂಬಿ ಬರೆದವನಲ್ಲ. ಕ್ರೈಸ್ತರ ಬರಹಗಳನ್ನು ಓದಿದ್ದ. ಅವರೊಳಗಿನ ಪಂಗಡಗಳ ಭೇದವನ್ನೂ ಬಲ್ಲವನಾಗಿದ್ದ. ಗ್ರಂಥದ ಒಂದು ಭಾಗದಲ್ಲಿ ಯಹೂದಿಯೊಬ್ಬನ ಪಾತ್ರವನ್ನು ಸೃಷ್ಟಿಸಿ ಅವನ ಬಾಯಿಂದಲೇ ವಾದ ಹೂಡಿಸಿದ. ಯೇಸು ಈಜಿಪ್ಟಿನಲ್ಲಿ ಮಾಟಮಂತ್ರ ಕಲಿತು ಬಂದವನೆಂದೂ, ಪುನರುತ್ಥಾನಕ್ಕೆ ಸಾಕ್ಷಿ ಹೇಳಿದವರು ಭ್ರಮೆಗೆ ಒಳಗಾದವರೆಂದೂ ಹಳಿದ. ಕ್ರೈಸ್ತರು ಪ್ರಶ್ನೆ ಕೇಳಬೇಡ, ನಂಬು ಎನ್ನುತ್ತಾರೆ. ವಿದ್ಯಾವಂತರನ್ನು ಕಂಡರೆ ಬಾಯಿ ಮುಚ್ಚಿಕೊಂಡು, ಮನೆಯ ಹೆಂಗಸರನ್ನೂ ಮಕ್ಕಳನ್ನೂ ಒಲಿಸಿಕೊಳ್ಳುತ್ತಾರೆ. ಅವರ ಗುರುಗಳೆಂದರೆ ಉಣ್ಣೆ ಕೆಲಸದವರು, ಪಾದರಕ್ಷೆ ಹೊಲಿಯುವವರು, ಬಟ್ಟೆ ತೊಳೆಯುವವರು ಎಂಬುದು ಅವನ ಇನ್ನೊಂದು ದೂರು. ಎಲ್ಲರೂ ಇವರಂತೆ ಸೈನ್ಯದಿಂದ ದೂರ ನಿಂತರೆ ಚಕ್ರವರ್ತಿ ಒಂಟಿಯಾಗುತ್ತಾನೆ, ದೇಶ ಪರರ ಪಾಲಾಗುತ್ತದೆ ಎಂಬ ರಾಜಕೀಯ ಆಕ್ಷೇಪವೂ ಅದರಲ್ಲಿತ್ತು.

ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೆ ಈ ಪುಸ್ತಕ ಆರಿಜೆನ್ ಎಂಬ ವಿದ್ವಾಂಸನ ಕೈಸೇರಿತು. ಈತ 185ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವನು. ಹದಿಹರೆಯದಲ್ಲಿದ್ದಾಗಲೇ ಈತನ ತಂದೆಯನ್ನು ಕ್ರೈಸ್ತನೆಂಬ ಕಾರಣಕ್ಕೆ ಕೊಲ್ಲಲಾಗಿತ್ತು. ಮುಂದೆ ಪ್ಯಾಲೆಸ್ಟೈನಿನ ಸಿಸೇರಿಯಾದಲ್ಲಿ ನೆಲೆಸಿ ಪಾಠ ಹೇಳುತ್ತಿದ್ದ. ಆತನ ಪೋಷಕನಾಗಿದ್ದ ಅಂಬ್ರೋಸ್ ಎಂಬ ಶ್ರೀಮಂತ ಸೆಲ್ಸಸನ ಪುಸ್ತಕಕ್ಕೆ ಉತ್ತರ ಬರೆಯುವಂತೆ ಒತ್ತಾಯಿಸಿದ. ಆರಿಜೆನನಿಗೆ ಮೊದಲು ಮನಸ್ಸಿರಲಿಲ್ಲ. ಯೇಸುವೇ ತನ್ನ ಮೇಲೆ ಆರೋಪ ಹೊರಿಸಿದವರ ಮುಂದೆ ಮೌನವಾಗಿದ್ದ, ಆತನ ಶಿಷ್ಯರ ಬದುಕೇ ಉತ್ತರವಾಗಬೇಕು ಎಂಬುದು ಆತನ ನಿಲುವು. ಆದರೂ ನಂಬಿಕೆ ಅಲುಗಾಡುತ್ತಿರುವವರಿಗೆ ಸಹಾಯವಾಗಲೆಂದು 248ರ ಸುಮಾರಿಗೆ ಲೇಖನಿ ಹಿಡಿದ. ಹೀಗೆ ಹುಟ್ಟಿದ ‘ಸೆಲ್ಸಸನಿಗೆ ಪ್ರತಿಯಾಗಿ’ ಎಂಬ ಕೃತಿ ಎಂಟು ಸಂಪುಟಗಳಷ್ಟಾಯಿತು.

ಆತ ಅನುಸರಿಸಿದ ಕ್ರಮ ಗಮನಾರ್ಹ. ಮುಖ್ಯಾಂಶಗಳನ್ನು ಮೊದಲು ಸಂಗ್ರಹಿಸಿಕೊಂಡು ಆಮೇಲೆ ವಿಸ್ತರಿಸೋಣ ಎಂದು ಹೊರಟವನು ನಡುವೆ ಆ ಯೋಜನೆ ಬಿಟ್ಟು, ಎದುರಾಳಿಯ ಮಾತುಗಳನ್ನು ಒಂದೊಂದಾಗಿ ಎತ್ತಿ ಬರೆದು ಉತ್ತರಿಸುತ್ತ ಹೋದ. ಯೇಸುವಿನ ತಾಯಿಯ ಶೀಲದ ಬಗ್ಗೆ ಆಡಿದ ಕೀಳು ಮಾತನ್ನೂ ಮರೆಮಾಚಲಿಲ್ಲ.

ಉತ್ತರಗಳಾದರೂ ಎಂಥವು? ಪರೀಕ್ಷಿಸದೆ ನಂಬುತ್ತಾರೆ ಎಂಬ ದೂರಿಗೆ ಆರಿಜೆನ್, ಹೊಟ್ಟೆಪಾಡಿನ ದುಡಿಮೆಯ ನಡುವೆ ಎಲ್ಲರೂ ತತ್ತ್ವಶಾಸ್ತ್ರ ಓದುವುದು ಸಾಧ್ಯವೇ ಎಂದು ಕೇಳಿದ. ಬೀಜ ಬಿತ್ತುವವನು, ಹಡಗು ಹತ್ತುವವನು, ಮದುವೆಯಾಗುವವನು ಎಲ್ಲರೂ ಮುಂದೆ ಒಳಿತಾದೀತೆಂಬ ನಂಬಿಕೆಯಿಂದಲೇ ಹೊರಡುತ್ತಾರೆ ಎಂದು ನೆನಪಿಸಿದ. ದೇವರು ಬಲಪ್ರಯೋಗದಿಂದ ಜನರನ್ನು ತಿದ್ದಿದರೆ ಮನುಷ್ಯನ ಇಚ್ಛಾಸ್ವಾತಂತ್ರ್ಯ ಅಳಿಯುತ್ತದೆ, ಸ್ವಂತ ಇಚ್ಛೆಯಿಲ್ಲದ ಒಳ್ಳೆಯತನ ಒಳ್ಳೆಯತನವೇ ಅಲ್ಲ ಎಂದ. ತಡವೇಕೆ ಎಂಬುದಕ್ಕೆ, ದೇವರು ಯಾವ ತಲೆಮಾರನ್ನೂ ಕೈಬಿಟ್ಟವನಲ್ಲ, ಪ್ರವಾದಿಗಳನ್ನು ಕಳುಹಿಸುತ್ತಲೇ ಬಂದಿದ್ದ ಎಂದ. ಶಿಷ್ಯರು ಕಥೆ ಕಟ್ಟಿದ್ದರೆ, ತಮ್ಮ ಹಿರಿಯನಾದ ಪೇತ್ರನು ಹೆದರಿ ಗುರುವನ್ನೇ ನಿರಾಕರಿಸಿದ ಸಂಗತಿಯನ್ನು ತಾವಾಗಿಯೇ ಏಕೆ ಬರೆದಿಡುತ್ತಿದ್ದರು ಎಂದು ಮರುಪ್ರಶ್ನೆ ಹಾಕಿದ. ಸೈನ್ಯದ ಆಕ್ಷೇಪಕ್ಕೆ, ದೇವಾಲಯದ ಅರ್ಚಕರನ್ನು ನೀವು ಯುದ್ಧಕ್ಕೆ ಕಳುಹಿಸುವುದಿಲ್ಲ, ನಾವೂ ಅವರಂತೆ ಪ್ರಾರ್ಥನೆಯಿಂದ ನೆರವಾಗುತ್ತೇವೆ ಎಂದು ವಾದಿಸಿದ.

ಎಲ್ಲ ಉತ್ತರಗಳೂ ಇಂದಿನ ಓದುಗನಿಗೆ ಒಪ್ಪಿಗೆಯಾಗಲಾರವು. ಎದ್ದುಬಂದ ಯೇಸು ಶತ್ರುಗಳಿಗೆ ಕಾಣಿಸಿಕೊಳ್ಳದಿದ್ದುದಕ್ಕೆ, ಆ ತೇಜಸ್ಸನ್ನು ನೋಡುವ ಶಕ್ತಿ ಅವರಿಗಿರಲಿಲ್ಲ ಎಂದು ಆರಿಜೆನ್ ಕೊಟ್ಟ ಸಮಾಧಾನ ನಂಬುವವರಿಗೆ ಸಾಕಾದೀತೇ ಹೊರತು ಸಂದೇಹಿಗೆ ಸಾಲದು. ಪ್ಲೇಟೋ ಪಂಥದವನೆಂದು ಬರಹದಿಂದಲೇ ತಿಳಿಯುವ ಸೆಲ್ಸಸನನ್ನು ಆತ ಎಪಿಕ್ಯೂರಸ್ ಪಂಥದವನೆಂದು ತಪ್ಪಾಗಿ ಭಾವಿಸಿ ಅಲ್ಲಲ್ಲಿ ಮೂದಲಿಸಿದ್ದೂ ಉಂಟು. ಆದರೆ ಎದುರಾಳಿಯ ಮಾತು ಮುಂದೆಯೇ ಇರುವುದರಿಂದ, ಉತ್ತರ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದನ್ನು ಓದುಗ ತಾನೇ ನಿರ್ಣಯಿಸಬಹುದು.

ಇನ್ನೊಂದು ವಿಚಿತ್ರ ಇಲ್ಲಿದೆ. ಸೆಲ್ಸಸನ ಮೂಲ ಗ್ರಂಥದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದರ ಬಹುಭಾಗ ನಮಗೆ ದೊರೆತಿರುವುದು ಆರಿಜೆನ್ ಎತ್ತಿ ಬರೆದುಕೊಂಡ ವಾಕ್ಯಗಳಿಂದ ಮಾತ್ರ. ಕ್ರೈಸ್ತರ ಕಟು ಟೀಕಾಕಾರನನ್ನು ಕಾಲದ ಬಾಯಿಂದ ಪಾರುಮಾಡಿದವನು ಒಬ್ಬ ಕ್ರೈಸ್ತ ಪಂಡಿತ!

ಮೂರನೆಯ ಶತಮಾನದ ಕೊನೆಯಲ್ಲಿ ಪೋರ್ಫಿರಿ ಎಂಬ ತತ್ತ್ವಜ್ಞಾನಿ ಹದಿನೈದು ಸಂಪುಟಗಳಲ್ಲಿ ಇನ್ನೂ ತೀಕ್ಷ್ಣವಾದ ಖಂಡನೆ ಬರೆದ. ಅದರ ಗತಿ ಬೇರೆಯಾಯಿತು. ಅಷ್ಟರಲ್ಲಿ ಅಧಿಕಾರ ಕ್ರೈಸ್ತರ ಕೈಗೆ ಬಂದಿತ್ತು. ಚಕ್ರವರ್ತಿ ಕಾನ್‌ಸ್ಟಂಟೈನ್ ಆ ಪುಸ್ತಕ ನಾಶಪಡಿಸಲು ಆಜ್ಞೆ ಮಾಡಿದ. 448ರಲ್ಲಿ ಎರಡನೆಯ ಥಿಯೊಡೋಸಿಯಸ್ ಅದನ್ನು ಸುಡುವಂತೆ ಮತ್ತೆ ಆದೇಶಿಸಿದ. ಉಳಿದದ್ದು ಚೂರುಪಾರು ಮಾತ್ರ. ಅದಕ್ಕೆ ಯುಸೇಬಿಯಸನಂಥ ವಿದ್ವಾಂಸರು ಬರೆದ ಉತ್ತರಗಳೂ ಕಳೆದುಹೋದವು. ಪ್ರಶ್ನೆಯೇ ಇಲ್ಲವಾದ ಮೇಲೆ ಉತ್ತರವನ್ನು ಯಾರು ನಕಲು ಮಾಡಿಯಾರು? ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ರಚನೆಯಾದದ್ದು ಎಂದು ಪೋರ್ಫಿರಿ ಹೇಳಿದ್ದನ್ನು ಇಂದು ಬಹುಪಾಲು ಬೈಬಲ್ ವಿದ್ವಾಂಸರು ಒಪ್ಪುತ್ತಾರೆ ಎಂಬುದು ಗಮನಿಸತಕ್ಕ ಸಂಗತಿ.

ಈ ಕಥೆ ನಮಗೆ ತೀರ ಅಪರಿಚಿತವೇನಲ್ಲ. ಮೊದಲು ಪೂರ್ವಪಕ್ಷವನ್ನು ಮಂಡಿಸಿ, ಆಮೇಲೆ ಸಿದ್ಧಾಂತ ಹೇಳುವುದು ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿ. ವೇದವನ್ನೂ ಪರಲೋಕವನ್ನೂ ಅಲ್ಲಗಳೆದ ಚಾರ್ವಾಕರ ಮೂಲಗ್ರಂಥಗಳು ಲುಪ್ತವಾಗಿವೆ. ಅವರ ವಾದಗಳು ತಿಳಿದುಬರುವುದು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಬರಹಗಳಿಂದಲೇ. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ.

ಆರಿಜೆನ್ ತನ್ನ ಕೃತಿ ಮುಗಿಸಿದ ಸ್ವಲ್ಪ ಕಾಲದಲ್ಲೇ, 250ರಲ್ಲಿ, ಚಕ್ರವರ್ತಿ ಡೀಸಿಯಸ್ ಕ್ರೈಸ್ತರ ವಿರುದ್ಧ ದಮನ ಆರಂಭಿಸಿದ. ಮುದುಕನಾಗಿದ್ದ ಆರಿಜೆನ್ ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿ, ಬಿಡುಗಡೆಯಾದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಮೂರು ಶತಮಾನಗಳ ನಂತರ ಸ್ವತಃ ಚರ್ಚೇ ಆತನ ಕೆಲವು ಅಭಿಪ್ರಾಯಗಳನ್ನು ಪಾಷಂಡವೆಂದು ಖಂಡಿಸಿತು. ಆತನ ಹಲವಾರು ಗ್ರೀಕ್ ಗ್ರಂಥಗಳು ಕಣ್ಮರೆಯಾದವು. ಆದರೆ ಸೆಲ್ಸಸನಿಗೆ ಬರೆದ ಉತ್ತರ ಮೂಲ ಗ್ರೀಕಿನಲ್ಲೇ ಇಡಿಯಾಗಿ ಉಳಿಯಿತು. 1941ರಲ್ಲಿ ಕೈರೋ ಬಳಿಯ ತೂರಾದಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲೂ ಅದರ ಭಾಗಗಳು ದೊರೆತವು.

ನಂಬಿಕೆಯನ್ನು ಸಮರ್ಥಿಸುವವರಿಗೂ ಪ್ರಶ್ನಿಸುವವರಿಗೂ ಇಲ್ಲಿ ಒಂದು ಪಾಠವಿದೆ. ಎದುರಾಳಿಯ ಮಾತನ್ನು ತಿರುಚದೆ ಪೂರ್ತಿಯಾಗಿ ಹೇಳುವ ಧೈರ್ಯವಿದ್ದವನ ಉತ್ತರಕ್ಕೆ ಬಾಳಿಕೆ ಹೆಚ್ಚು. ಪುಸ್ತಕ ಸುಟ್ಟ ಚಕ್ರವರ್ತಿಗಳು ಯಾವ ಆಕ್ಷೇಪಕ್ಕೂ ಉತ್ತರ ಕೊಟ್ಟಂತಾಗಲಿಲ್ಲ.