ಯಾವ ಗೋಡೆ ಯಾವ ಕಾಲದ್ದು?

ರಾಯಚೂರು ಕೋಟೆ ಒಂದೇ ಸಲಕ್ಕೆ ಎದ್ದು ನಿಂತದ್ದಲ್ಲ. ಪಶ್ಚಿಮದ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ತೆಲುಗು ಶಾಸನ 1294ರದು. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ದಂಡನಾಯಕ ವಿಠಲನಾಥ, ಆದವಾನಿ, ಮಾನುವ ಮೊದಲಾದ ದುರ್ಗಗಳನ್ನು ಗೆದ್ದು ಈ ಕೋಟೆ ಕಟ್ಟಿದ ಅಂತ ಅದು ಹೇಳುತ್ತದೆ. ಮಾನುವ ಅಂದ್ರೆ ನಮ್ಮ ಮಾನ್ವಿ. ಆ ಕಲ್ಲನ್ನು ಬಂಡಿ ಮೇಲೆ ಎಳೆದು ತಂದ ಚಿತ್ರವನ್ನೂ ಪಕ್ಕದಲ್ಲೇ ಕೊರೆದಿದ್ದಾರೆ.

ಒಳಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ. ಹೊರಗೋಡೆ ಆಮೇಲಿನದು, ಸಣ್ಣ ಕಲ್ಲು, ಗಾರೆ ಕೆಲಸ. ಬಹಮನಿಗಳು ಬಂದರು, 1520ರಲ್ಲಿ ಕೃಷ್ಣದೇವರಾಯ ಗೆದ್ದ, ಮುಂದೆ ಬಿಜಾಪುರದವರು ವಾಪಸ್ ತಗೊಂಡರು. ನವರಂಗಿ ದರ್ವಾಜಾದಲ್ಲಿ ಇವತ್ತಿಗೂ ವಿಜಯನಗರ ಕಾಲದ ಉಬ್ಬುಶಿಲ್ಪಗಳಿವೆ. ಗೆದ್ದವರು ಇದ್ದದ್ದನ್ನು ಪೂರ್ತಿ ಕೆಡವಲಿಲ್ಲ, ಅದಕ್ಕೇ ಕೂಡಿಸಿ ಕಟ್ಟಿದರು.

ಈಗಿನ ಎಂಜಿನಿಯರರು ಇದನ್ನೇ ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಚಿಕ್ಕದಾಗಿ ಬಿಮ್. 1970ರ ದಶಕದಲ್ಲಿ ಅಮೆರಿಕದ ಚಕ್ ಈಸ್ಟ್‌ಮನ್ ಇದರ ಮೂಲ ಕಲ್ಪನೆ ಕೊಟ್ಟರು. ನಕಾಶೆಯಲ್ಲಿ ಗೋಡೆ ಅಂದ್ರೆ ಬರೀ ಎರಡು ಗೆರೆ. ಬಿಮ್‌ನಲ್ಲಿ ಅದೇ ಗೋಡೆ ತಾನು ಕಲ್ಲಿನದೋ ಇಟ್ಟಿಗೆಯದೋ, ಯಾವ ಹಂತದಲ್ಲಿ ಕಟ್ಟಿದ್ದು, ಯಾವ ಹಂತದಲ್ಲಿ ಕೆಡವೋದು ಅಂತ ಹೇಳುತ್ತದೆ. ಆಗ ಹಳೆ ತೊಲೆ ತೆಗೆಯುವ ಮೊದಲು ಎಲ್ಲಿ ಆಸರೆ ಕೊಡಬೇಕು, ಯಾವ ಭಾಗದಲ್ಲಿ ಜನ ಇದ್ದುಕೊಂಡೇ ಕೆಲಸ ನಡೆಸಬಹುದು ಅನ್ನೋದು ಮೊದಲೇ ಗೊತ್ತಾಗುತ್ತದೆ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಆಂಡ್ರೂ ಟ್ಯಾಲನ್ ಎಂಬ ಇತಿಹಾಸಕಾರ ಲೇಸರ್‌ನಿಂದ ಅಳೆದಿಟ್ಟಿದ್ದರು. 2019ರ ಏಪ್ರಿಲ್ 15ರಂದು ಅದರ ಚಾವಣಿ ಸುಟ್ಟಿತು. ಮತ್ತೆ ಕಟ್ಟುವಾಗ ಆ ಅಳತೆ ನೆರವಿಗೆ ಬಂತು.

ನಮಗ್ಯಾಕ್ರೀ ಅದೆಲ್ಲ ಅಂತೀರಾ? ದೇವದುರ್ಗ, ಮಾನ್ವಿ ಕಡೆಯ ಹಳೆ ಮನೆಗಳನ್ನೇ ನೋಡ್ರಿ. ಅಜ್ಜನ ಕಾಲದ್ದು ಕಲ್ಲುಮಣ್ಣಿನ ಗೋಡೆ, ಜಂತಿ ಮೇಲೆ ಮಣ್ಣಿನ ಮಾಳಿಗೆ. ಅಪ್ಪ ಹಿಂದೆ ಒಂದು ಖೋಲಿ ಕೂಡಿಸಿ ಶಹಾಬಾದ್ ಕಲ್ಲು ಹಾಸಿದ. ಈಗ ಮಗ ಮ್ಯಾಲೊಂದು ಆರ್‌ಸಿಸಿ ಮಹಡಿ ಏರಿಸ್ಬೇಕಂತಾನ. ಪಡಸಾಲೆ ಕೆಳಗೆ ಜೋಳದ ಹಗೇವು ಇತ್ತು ಅನ್ನೋದು ಮುದುಕಿಗೆ ಮಾತ್ರ ಗೊತ್ತು. ಕೇಳದೆ ಅದರ ಮೇಲೇ ಕಾಲಂ ನಿಲ್ಲಿಸಿದರೆ ಮನೆ ಗತಿ ಏನು?

ಲೇಸರ್‌ಗೆ ಕಾಣೋದು ಮೇಲ್ಮೈ ಮಾತ್ರ. ಗೋಡೆಯ ಹೊಟ್ಟೆಯಲ್ಲಿ ಏನಿದೆ ಅಂತ ಕಟ್ಟಿದ ಮೇಸ್ತ್ರಿ ಹೇಳಬೇಕು, ನೆಲದ ಕೆಳಗಿನದನ್ನು ಅಜ್ಜಿ ಹೇಳಬೇಕು. ಕೋಟೆ ಕಟ್ಟಿದವರು ಕಲ್ಲಿನ ಮೇಲೆ ಬರೆದು ಹೋದರು. ಮನೆ ಕಟ್ಟಿದವರು ಬರೆದಿಲ್ಲ. ಸಾಫ್ಟ್‌ವೇರ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಹಾಳೆ ಮೇಲೆ ಮನೆ ನಕಾಶೆ ತೆಗೆದು, ಗೋಡೆಗೊಂದು ಇಸವಿ ಬರೆದಿಡ್ರಿ. ಹೇಳೋರು ಇರೋತನಕ ಕೇಳ್ಕೋಬೇಕು.