ಮಾರ್ಷಲ್ ದಾಳಿ: ಒಂದು ದಂತಕಥೆಯ ಪರಿಶೀಲನೆ

1918ರ ಅಕ್ಟೋಬರ್ 23ರಂದು ನ್ಯೂಯಾರ್ಕ್ ಚೆಸ್ ಪಂದ್ಯಾವಳಿಯಲ್ಲಿ ಫ್ರಾಂಕ್ ಮಾರ್ಷಲ್ ಅವರು ಕಾಪಬ್ಲಾಂಕಾ ಎದುರು ಕಪ್ಪು ಕಾಯಿಗಳಿಂದ ಆಡಿದ ರೂಯ್ ಲೋಪೆಜ್ ಆರಂಭದ ಆಟಕ್ಕೆ ಒಂದು ಕಥೆ ಅಂಟಿಕೊಂಡಿದೆ. ಕಾಪಬ್ಲಾಂಕಾ ಎದುರಿನ 1909ರ ಸರಣಿಯಲ್ಲಿ ಒಂದೇ ಆಟ ಗೆದ್ದು ಎಂಟನ್ನು ಸೋತ ಮಾರ್ಷಲ್, ಸೇಡಿಗಾಗಿ ಈ ಹೊಸ ದಾಳಿಯನ್ನು ಒಂಬತ್ತು ವರ್ಷ ಬಚ್ಚಿಟ್ಟಿದ್ದರಂತೆ. ಕಥೆ ಸೊಗಸಾಗಿದೆ, ದಾಖಲೆ ಮಾತ್ರ ಒಪ್ಪುವುದಿಲ್ಲ. ನಡುವಿನ ವರ್ಷಗಳಲ್ಲಿ ಅದೇ ಎದುರಾಳಿಯ ಮೇಲೆ ಇದನ್ನು ಪ್ರಯೋಗಿಸಲು ಸಿಕ್ಕ ಅವಕಾಶಗಳನ್ನು ಅವರು ಬಿಟ್ಟುಕೊಟ್ಟಿದ್ದರು. 1917ರಲ್ಲಿ ವಾಲ್ಟರ್ ಫ್ರೆರ್ ಎದುರು ಆಡಿಯೂ ಆಗಿತ್ತು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಆಟದ ನಡೆಗಳಲ್ಲೇ ಇದೆಯೆಂಬುದು ನನ್ನ ವಾದ.

ಎಂಟನೆಯ ನಡೆಯಲ್ಲಿ ಪದಾತಿಯನ್ನು ಡಿ5ಕ್ಕೆ ನೂಕಿ ಮಾರ್ಷಲ್ ಇ5ರ ಪದಾತಿಯನ್ನು ಬಲಿಕೊಡುತ್ತಾರೆ. ಹನ್ನೊಂದನೆಯ ನಡೆಯ ಹೊತ್ತಿಗೆ ಬಿಳಿಯ ಆನೆ ಇ5ರಲ್ಲಿದೆ, ಕಪ್ಪು ಕುದುರೆ ಡಿ5ರಲ್ಲಿದೆ. ಬಿ3ರ ಬಿಳಿ ಒಂಟೆಗೂ ಎಫ್7ಕ್ಕೂ ನಡುವೆ ಅಡ್ಡ ನಿಂತಿರುವುದು ಆ ಕುದುರೆಯೊಂದೇ. ಅದನ್ನೇ ಅವರು ಎಫ್6ಕ್ಕೆ ಹಿಂತೆಗೆದರು. ಹದಿನಾಲ್ಕನೆಯ ನಡೆಯಲ್ಲಿ ಕಾಪಬ್ಲಾಂಕಾ, ಜಿ4ಕ್ಕೆ ಬಂದು ಆಸೆ ಹುಟ್ಟಿಸುತ್ತಿದ್ದ ಕುದುರೆಯನ್ನು ಮುಟ್ಟದೆ ರಾಣಿಯನ್ನು ಎಫ್3ಕ್ಕೆ ತಂದಾಗ, ಎಫ್7ರ ಮೇಲೂ ಎ8ರಲ್ಲಿ ಕಾವಲಿಲ್ಲದ ಆನೆಯ ಮೇಲೂ ಒಟ್ಟಿಗೆ ಒತ್ತಡ ಬಿತ್ತು. 36ನೆಯ ನಡೆಯಲ್ಲಿ ಆಟ ಮುಗಿದದ್ದೂ ಅದೇ ಒಂಟೆ ಎಫ್7ರ ಪದಾತಿಯನ್ನು ಹೊಡೆದಾಗಲೇ. ಇಂದು ರೂಢಿಯಲ್ಲಿರುವ ಹನ್ನೊಂದನೆಯ ನಡೆ ಪದಾತಿ ಸಿ6: ಕುದುರೆ ಕದಲುವುದಿಲ್ಲ, ಪದಾತಿ ಅದಕ್ಕೆ ಆಸರೆ, ಮುಂದೆ ಕಪ್ಪು ಒಂಟೆ ಡಿ6ಕ್ಕೆ ಬಂದು ಆನೆಯನ್ನು ಓಡಿಸುತ್ತದೆ. ಒಂಬತ್ತು ವರ್ಷ ಮಸೆದ ಕತ್ತಿಯಾಗಿದ್ದರೆ ಈ ಮುಕ್ಕು ಕಣ್ಣಿಗೆ ಬೀಳದೆ ಇರುತ್ತಿತ್ತೇ?

ಎದುರಾಳಿಗೆ ಎಲ್ಲ ದಾರಿಗಳೂ ಪರಿಚಿತವೆಂದು ತಿಳಿದೇ ಪದಾತಿಯನ್ನು ಹೊಡೆದೆನೆಂದು ಕಾಪಬ್ಲಾಂಕಾ ಅವರೇ ಬರೆದಿದ್ದಾರಲ್ಲ ಎಂದು ಆಕ್ಷೇಪಿಸಬಹುದು. ಸಿದ್ಧತೆ ಇತ್ತೆಂಬುದನ್ನು ನಾನೂ ಅಲ್ಲಗಳೆಯುವುದಿಲ್ಲ. ಆ ಮಾತು ಸಿದ್ಧತೆಗೆ ಸಾಕ್ಷಿ, ಅದರ ವಯಸ್ಸಿಗಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. 2004ರಲ್ಲಿ ಬ್ರಿಸಾಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಎಂಟನೆಯ ಆಟದಲ್ಲಿ, ಕಂಪ್ಯೂಟರ್ ನೆರವಿನಿಂದ ತಯಾರಾಗಿ ಬಂದ ಕ್ರಾಮ್ನಿಕ್ ಕೂಡ ಇದೇ ದಾಳಿಯಲ್ಲಿ ಲೆಕೋಗೆ ಸೋತರು. ಹಾಗಾದರೆ ಸಿದ್ಧತೆಯಲ್ಲಿನ ಬಿರುಕು ಏನನ್ನು ಸಾಧಿಸುತ್ತದೆ? ಉತ್ತರ ಬಿರುಕಿನ ಆಳದಲ್ಲಿದೆ. ಕ್ರಾಮ್ನಿಕ್ ಸಿದ್ಧತೆಯನ್ನು ಮುರಿದ ಲೆಕೋ ರಾಣಿ ಡಿ3ಕ್ಕೆ ಹೋದದ್ದು 25ನೆಯ ನಡೆಯಲ್ಲಿ, ಕವಲುಗಳ ದಟ್ಟ ಕಾಡಿನೊಳಗೆ. ಮಾರ್ಷಲ್ ತಪ್ಪಿದ್ದು ಪದಾತಿ ಕೈಬಿಟ್ಟ ಮರುನಡೆಯಲ್ಲೇ, ಈ ದಾರಿ ಹಿಡಿದವರೆಲ್ಲ ಮೊದಲು ನಿಂತು ಯೋಚಿಸಲೇಬೇಕಾದ ಜಾಗದಲ್ಲಿ.