ಮೇಲ್ಮಣ್ಣಿನ ಚಿನ್ನ

1869ರ ಫೆಬ್ರುವರಿ 5. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಮೊಲಿಯಾಗುಲ್ ಎಂಬ ಹಳ್ಳಿಯ ಬದಿಯಲ್ಲಿ, ಜಾನ್ ಡೀಸನ್ ಮರವೊಂದರ ಬೇರಿನ ಸುತ್ತ ಮಣ್ಣು ಕೆದಕುತ್ತಿದ್ದ. ಪಿಕಾಸಿ ಗಟ್ಟಿಯಾದ ಯಾವುದಕ್ಕೋ ತಗುಲಿತು. ಮಣ್ಣು ಸರಿಸಿ ನೋಡಿದರೆ ಕಲ್ಲಲ್ಲ, ಚಿನ್ನ. ಆಳ ಒಂದೇ ಅಂಗುಲ. ಅವನೂ ಜೊತೆಗಾರ ರಿಚರ್ಡ್ ಓಟ್ಸ್‌ನೂ ಕತ್ತಲಾಗುವವರೆಗೆ ಅದನ್ನು ಮರೆಮಾಡಿ, ಆಮೇಲೆ ಮನೆಗೆ ಸಾಗಿಸಿ, ಬೆಂಕಿಯಲ್ಲಿ ಕಾಯಿಸಿ ಮೈಗಂಟಿದ್ದ ಬೆಣಚುಕಲ್ಲನ್ನು ಉದುರಿಸಿದರು. ಡನೋಲಿ ಪಟ್ಟಣದ ಬ್ಯಾಂಕಿಗೆ ಒಯ್ದಾಗ ಅಲ್ಲಿನ ತಕ್ಕಡಿಗೆ ಅದು ಹಿಡಿಸಲಿಲ್ಲ. ಕಮ್ಮಾರನ ಅಡೆಗಲ್ಲಿನ ಮೇಲಿಟ್ಟು ತುಂಡರಿಸಿ ತೂಗಬೇಕಾಯಿತು. ಅದರಲ್ಲಿದ್ದ ಚಿನ್ನ 70 ಕಿಲೋಗೂ ಹೆಚ್ಚು. ‘ವೆಲ್ಕಮ್ ಸ್ಟ್ರೇಂಜರ್’ ಎಂದು ಹೆಸರಾದ ಈ ಗಟ್ಟಿಗಿಂತ ದೊಡ್ಡದು ಜಗತ್ತಿನ ಯಾವ ಮೇಲ್ಮಣ್ಣಿನಲ್ಲೂ ಸಿಕ್ಕ ದಾಖಲೆಯಿಲ್ಲ.

ಆ ನೆಲ ಹೊಸದೇನಲ್ಲ. 1850ರ ದಶಕದಿಂದಲೇ ಜನ ಗುಂಪುಗುಂಪಾಗಿ ಬಂದು ಅಗೆದು, ತೊಳೆದು, ಬಿಟ್ಟುಹೋಗಿದ್ದ ಜಾಗ. ಅಷ್ಟು ಕಾಲುಗಳ ಅಡಿಯಲ್ಲಿ, ಒಂದು ಅಂಗುಲ ಮಣ್ಣು ಹೊದ್ದು ಅದು ಮಲಗಿತ್ತು.

ಈಗಲೂ ವಾರಾಂತ್ಯ ಬಂದರೆ ಆ ಕಾಡುಗಳಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಕೈಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು, ಬಾಗಿದ ತಲೆಯೆತ್ತದೆ ನಡೆಯುವವರು ಕಾಣಸಿಗುತ್ತಾರೆ. ನಿವೃತ್ತರು, ಬಡಗಿಗಳು, ಶಿಕ್ಷಕರು, ಗಂಡ-ಹೆಂಡತಿ ಜೋಡಿಯಾಗಿ ಬಂದವರು. ಅವರ ಹವ್ಯಾಸದ ಹಿಂದಿರುವುದು ಡೀಸನ್‌ನ ಆ ಒಂದು ಅಂಗುಲ. ಜೊತೆಗೆ, ಅವರ ಜೇಬಿನಲ್ಲಿರುವ ಒಂದು ಕಾಗದ. ಯಂತ್ರದ ಕತೆ ರೋಚಕವೇ, ಆದರೆ ಆ ಕಾಗದದ ಕತೆ ಅದಕ್ಕಿಂತ ದೊಡ್ಡದು.

ವಿಕ್ಟೋರಿಯಾ ಪ್ರತ್ಯೇಕ ವಸಾಹತಾದದ್ದು 1851ರ ಜುಲೈನಲ್ಲಿ. ಅದೇ ವರ್ಷ ಕ್ಲೂನ್ಸ್, ಬ್ಯಾಲರಾಟ್, ಬೆಂಡಿಗೊಗಳಲ್ಲಿ ಚಿನ್ನ ಸಿಕ್ಕಿತು. ಸುಮಾರು 77 ಸಾವಿರವಿದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ 5 ಲಕ್ಷ 40 ಸಾವಿರದ ಹತ್ತಿರಕ್ಕೆ ಏರಿತು. ಸರ್ಕಾರ ಮಾಡಿದ ಮೊದಲ ಕೆಲಸ ಪರವಾನಗಿ ಶುಲ್ಕ ವಿಧಿಸಿದ್ದು: ತಿಂಗಳಿಗೆ 30 ಶಿಲಿಂಗ್. ಚಿನ್ನ ಸಿಗಲಿ, ಬಿಡಲಿ, ದುಡ್ಡು ಕಟ್ಟಲೇಬೇಕು. ಗುಂಡಿಯೊಳಗೆ ಸೊಂಟಮಟ್ಟ ನೀರಿನಲ್ಲಿ ನಿಂತವನನ್ನೂ ಪೊಲೀಸರು ಮೇಲೆ ಕರೆದು ‘ಪರವಾನಗಿ ತೋರಿಸು’ ಎನ್ನುತ್ತಿದ್ದರು. 1854ರಲ್ಲಿ ಗವರ್ನರ್ ಹಾಥಮ್ ಈ ತಪಾಸಣೆಯನ್ನು ವಾರಕ್ಕೆ ಎರಡು ಸಲ ನಡೆಸಲು ಆದೇಶಿಸಿದ. ತೆರಿಗೆ ಕಟ್ಟುವ ಇವರಿಗೆ ಮತದಾನದ ಹಕ್ಕೂ ಇರಲಿಲ್ಲ.

ಸಿಟ್ಟು ಹೊತ್ತಿಕೊಂಡದ್ದು ಬ್ಯಾಲರಾಟ್‌ನಲ್ಲಿ. ನವೆಂಬರ್ 29ರಂದು ಬೇಕರಿ ಹಿಲ್ ಎಂಬ ದಿಬ್ಬದ ಮೇಲೆ ಸೇರಿದ ಜನ ತಮ್ಮ ಪರವಾನಗಿಗಳನ್ನು ಸುಟ್ಟರು. ಯುರೇಕಾ ಎಂಬಲ್ಲಿ ಮರದ ದಿಮ್ಮಿಗಳ ತಡೆಗೋಡೆ ಎದ್ದಿತು. ಡಿಸೆಂಬರ್ 3ರ ಭಾನುವಾರ ನಸುಕಿನಲ್ಲಿ ಸೈನಿಕರು ಮುತ್ತಿದರು. ಕಾಳಗ ಅರ್ಧಗಂಟೆಯೂ ನಡೆಯಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಗಣಿಗರು ಸತ್ತರು. ಮುಂದಾಳು ಪೀಟರ್ ಲೇಲರ್ ಒಂದು ತೋಳನ್ನೇ ಕಳೆದುಕೊಂಡ.

ಸೋತವರು ಗೆದ್ದದ್ದು ಆಮೇಲೆ. ರಾಜದ್ರೋಹದ ಆರೋಪ ಹೊತ್ತ 13 ಮಂದಿಯನ್ನೂ ಮೆಲ್ಬರ್ನ್‌ನ ನ್ಯಾಯದರ್ಶಿ ಮಂಡಳಿಗಳು ಬಿಡುಗಡೆ ಮಾಡಿದವು. 1855ರಲ್ಲಿ ತಿಂಗಳ ಪರವಾನಗಿ ರದ್ದಾಗಿ, ವರ್ಷಕ್ಕೆ 1 ಪೌಂಡಿನ ‘ಮೈನರ್ಸ್ ರೈಟ್’ ಬಂತು. ಹೆಸರಲ್ಲೇ ವ್ಯತ್ಯಾಸವಿದೆ. ಪರವಾನಗಿ ಎಂದರೆ ದೊರೆ ಕೊಟ್ಟ ಅನುಮತಿ. ಇದು ಗಣಿಗನ ಹಕ್ಕು. ಅದು ಕೈಯಲ್ಲಿದ್ದವನಿಗೆ ಮತವೂ ದಕ್ಕಿತು. ತಲೆಗೆ ಬೆಲೆ ಕಟ್ಟಿಸಿಕೊಂಡು ಅಡಗಿದ್ದ ಲೇಲರ್ ಅದೇ ವರ್ಷ ಶಾಸನಸಭೆಯ ಸದಸ್ಯನಾದ. ಇವತ್ತು ಡಿಟೆಕ್ಟರ್ ಹಿಡಿದು ಹೊರಟವರ ಜೇಬಿನಲ್ಲಿರುವುದು ಅದೇ ಹೆಸರಿನ ಕಾಗದ. ಈಗ ಅದು ಹತ್ತು ವರ್ಷಕ್ಕೆ ಊರ್ಜಿತ, ಶುಲ್ಕವೂ ಬಲು ಕಡಿಮೆ. ಅದಿದ್ದವರು ಕೈ ಉಪಕರಣಗಳಿಂದ ಹುಡುಕಿ ತೆಗೆದ ಚಿನ್ನ ಅವರದೇ.

ಈ ಹಕ್ಕು ಎಲ್ಲರ ಪಾಲಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದೇ 1855ರಲ್ಲಿ ಹಡಗಿನಿಂದಿಳಿಯುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಬಿತ್ತು. ಅದನ್ನು ತಪ್ಪಿಸಲು ಸಾವಿರಾರು ಚೀನೀಯರು ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, 400 ಕಿ.ಮೀ. ದಾರಿಯನ್ನು ನಡೆದೇ ಸವೆಸಿದರು. ಹಾಗೆ ನಡೆದು ಬಂದವರೇ 1857ರಲ್ಲಿ ಅರಾರಟ್‌ನ ಚಿನ್ನ ಕಂಡರು. ಬೇರೆಯವರು ಅವಸರದಲ್ಲಿ ಅಗೆದು ಎಸೆದ ಮಣ್ಣಿನ ರಾಶಿಗಳನ್ನು ಇವರು ತಾಳ್ಮೆಯಿಂದ ಮತ್ತೆ ತೊಳೆದರು. ಬಿಟ್ಟುಹೋದದ್ದನ್ನು ಹುಡುಕುವುದು ಒಂದು ಕಸುಬೆಂದು ಆ ನೆಲಕ್ಕೆ ಮೊದಲು ತೋರಿಸಿದವರಲ್ಲಿ ಚೀನೀಯರಿದ್ದಾರೆ. ಡಿಟೆಕ್ಟರ್ ಹಿಡಿದವರು ಈಗ ಮಾಡುವುದೂ ಅದನ್ನೇ.

ಚಿನ್ನ ಹೀಗೆ ನೆಲದಲ್ಲೇ ಉಳಿದುಹೋಗಲು ಕಾರಣವಿದೆ. ಬೆಣಚುಕಲ್ಲಿನ ಪದರಗಳು ಯುಗಯುಗಗಳ ಮಳೆಗಾಳಿಗೆ ಸವೆದು ಒಳಗಿನ ಚಿನ್ನ ಕಳಚಿ ಬೀಳುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ. ಹೀಗಾಗಿ ಅದು ದೂರ ಕೊಚ್ಚಿಹೋಗದೆ ಇಳಿಜಾರಿನಲ್ಲೋ ಹಳ್ಳದ ತಳದಲ್ಲೋ ನಿಲ್ಲುತ್ತದೆ. ಅಂದಿನವರು ಹಳ್ಳಗಳನ್ನು ಅಗೆದರು, ಬಾಣಲೆಯಲ್ಲಿ ಮಣ್ಣು ತೊಳೆದರು, ತೊಟ್ಟಿಲಿನಂತೆ ತೂಗುವ ಪೆಟ್ಟಿಗೆಯಲ್ಲಿ ಜರಡಿ ಹಿಡಿದರು, ಕುದುರೆ ಕಟ್ಟಿ ಸುತ್ತಿಸಿ ಜೇಡಿಮಣ್ಣು ಕಲಸಿದರು. ಇದಕ್ಕೆಲ್ಲ ನೀರು ಬೇಕು. ನೀರಿಲ್ಲದ ಒಣ ದಿಬ್ಬಗಳಲ್ಲಿ ಅಲ್ಲೊಂದು ಇಲ್ಲೊಂದು ಚೆದುರಿದ ಗಟ್ಟಿಗಾಗಿ ಎಕರೆಗಟ್ಟಲೆ ಕೆದಕುವುದು ಯಾರಿಂದ ಸಾಧ್ಯ? ಅದಕ್ಕೆ ಮಣ್ಣಿನೊಳಗೆ ನೋಡುವ ಕಣ್ಣೇ ಬೇಕಿತ್ತು.

ಆ ಕಣ್ಣು ತಡವಾಗಿ ಬಂತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ತಗುಲಿದಾಗ, ಮೈಯೊಳಗಿನ ಸೀಸ ಎಲ್ಲಿದೆಯೆಂದು ಪತ್ತೆಮಾಡಲು ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಒಂದು ವಿದ್ಯುತ್ ಉಪಕರಣ ಕಟ್ಟಿಕೊಂಡು ಹೋದ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಸದ್ದನ್ನು ಕೆಡಿಸಿದವು, ವೈದ್ಯರೂ ಒಂದೇ ಮಗ್ಗುಲನ್ನು ಶೋಧಿಸಲು ಬಿಟ್ಟರು, ಗುಂಡು ಸಿಗಲಿಲ್ಲ. ಗೆರ್ಹಾರ್ಡ್ ಫಿಶರ್ 1937ರಲ್ಲಿ ಅಮೆರಿಕದಲ್ಲಿ ಲೋಹಶೋಧಕದ ಪೇಟೆಂಟ್ ಪಡೆದ. ಪೋಲೆಂಡಿನ ಯೂಝೆಫ್ ಕೊಸಾಟ್ಸ್ಕಿ ಯುದ್ಧಕಾಲದಲ್ಲಿ ರೂಪಿಸಿದ ನೆಲಬಾಂಬ್ ಶೋಧಕ 1942ರ ಎಲ್ ಅಲಮೇನ್ ಕದನದಲ್ಲಿ ಬಳಕೆಯಾಯಿತು.

ವಿಕ್ಟೋರಿಯಾದ ಮಣ್ಣು ಮಾತ್ರ ಈ ಯಂತ್ರಗಳಿಗೆ ಸುಲಭಕ್ಕೆ ಬಗ್ಗಲಿಲ್ಲ. ಅದರಲ್ಲಿ ಕಬ್ಬಿಣದಂಶ ವಿಪರೀತ. ಡಿಟೆಕ್ಟರಿನ ತುದಿಯ ಸುರುಳಿ ನೆಲದತ್ತ ಕಾಂತಕ್ಷೇತ್ರ ಬೀರುತ್ತದೆ. ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳೆದ್ದು ಪ್ರತಿಧ್ವನಿಯಂತೆ ಮರಳುತ್ತವೆ. ಮಣ್ಣೇ ಕೂಗತೊಡಗಿದರೆ ಚಿನ್ನದ ಪಿಸುಮಾತು ಕೇಳುವುದು ಹೇಗೆ? 1970ರ ದಶಕದಲ್ಲಿ ನೆಲದ ಸದ್ದನ್ನು ತಕ್ಕಮಟ್ಟಿಗೆ ಕಳೆಯಬಲ್ಲ ಯಂತ್ರಗಳು ಬಂದವು. ಅದೇ ಹೊತ್ತಿಗೆ, 1971ರವರೆಗೂ ಔನ್ಸಿಗೆ 35 ಡಾಲರಿನ ಗೂಟಕ್ಕೆ ಕಟ್ಟಿದ್ದ ಚಿನ್ನ ಆ ಗೂಟ ಕಳಚಿಕೊಂಡು, 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿತು. ಅವೊಕಾ, ಕ್ಯಾಸಲ್‌ಮೇನ್, ವೆಡ್ಡರ್‌ಬರ್ನ್ ನಡುವಿನ ‘ಚಿನ್ನದ ತ್ರಿಕೋನ’ಕ್ಕೆ ಜನ ಮತ್ತೆ ಹರಿದುಬಂದರು. ಈ ಸಲ ಕಾರವಾನ್ ಕಟ್ಟಿಕೊಂಡು.

1980ರ ಸೆಪ್ಟೆಂಬರ್ 26ರಂದು ಆ ತ್ರಿಕೋನದ ಕಿಂಗವರ್‌ನಲ್ಲಿ ಕೆವಿನ್ ಹಿಲಿಯರ್ ಎಂಬಾತನ ಡಿಟೆಕ್ಟರ್ ಕೂಗಿತು. ಕೆಲವು ಅಂಗುಲ ಮಣ್ಣು ತೆಗೆದಾಗ ಚಿನ್ನದ ತುದಿಯೊಂದು ಕಂಡಿತು. ಬಿಡಿಸುತ್ತ ಹೋದರೆ ಅದು ನೆಲದಲ್ಲಿ ನೆಟ್ಟಗೆ ನಿಂತಿದೆ, ಮುಗಿಯುತ್ತಲೇ ಇಲ್ಲ. ಹೊರಬಂದದ್ದು 27 ಕಿಲೋದ ಗಟ್ಟಿ. ‘ಹ್ಯಾಂಡ್ ಆಫ್ ಫೇತ್’ ಎಂದು ಹೆಸರಾದ ಅದಕ್ಕಿಂತ ದೊಡ್ಡದು ಡಿಟೆಕ್ಟರಿಗೆ ಇದುವರೆಗೆ ಸಿಕ್ಕಿಲ್ಲ. ವಿಕ್ಟೋರಿಯಾದ ಪ್ರೀಮಿಯರ್ ಹೇಮರ್ ಸ್ವತಃ ಪತ್ರಿಕಾಗೋಷ್ಠಿಯಲ್ಲಿ ಇದನ್ನು ಪ್ರಕಟಿಸಿದರು. ಹತ್ತು ಲಕ್ಷ ಅಮೆರಿಕನ್ ಡಾಲರಿಗೂ ಮೇಲೆ ಬೆಲೆ ಕೊಟ್ಟು ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಜೂಜುಗೃಹ ಅದನ್ನು ಕೊಂಡಿತು. ಇದೇ ಕಿಂಗವರ್‌ನಲ್ಲಿ 1857ರಲ್ಲೇ 54 ಕಿಲೋದ ‘ಬ್ಲಾಂಚ್ ಬಾರ್ಕ್ಲಿ’ ಸಿಕ್ಕಿತ್ತು. ನಡುವಿನ 123 ವರ್ಷ ಇನ್ನೊಂದು ಗಟ್ಟಿ ಅಲ್ಲೇ ಕಾದು ನಿಂತಿತ್ತು.

ಮುಂದಿನ ಹೆಜ್ಜೆ ಆಸ್ಟ್ರೇಲಿಯಾದ್ದೇ. 1985ರಲ್ಲಿ ಅಡಿಲೇಡ್‌ನಲ್ಲಿ ಶುರುವಾದ ಮೈನ್‌ಲ್ಯಾಬ್ ಕಂಪನಿಯಲ್ಲಿ ಬ್ರೂಸ್ ಕ್ಯಾಂಡಿ ಎಂಬ ವಿಜ್ಞಾನಿ ಬೇರೆ ದಾರಿ ಹಿಡಿದರು. ಕಾಂತಕ್ಷೇತ್ರವನ್ನು ಮಿಡಿತಗಳಾಗಿ ಬಿಟ್ಟು, ತಟ್ಟನೆ ನಿಲ್ಲಿಸಿ, ಆ ಮೌನದಲ್ಲಿ ಲೋಹದ ಮಾರ್ದನಿ ಹೇಗೆ ಕರಗುತ್ತದೆಂದು ಆಲಿಸುವ ವಿಧಾನ. ಉದ್ದ ಮತ್ತು ಗಿಡ್ಡ ಮಿಡಿತಗಳನ್ನು ಹೋಲಿಸಿ ಮಣ್ಣಿನ ಸದ್ದನ್ನು ಕಳೆಯಬಹುದೆಂದು ಅವರು ತೋರಿಸಿದರು. 1995ರ ಎಸ್‌ಡಿ2000 ಯಂತ್ರ ಹಿಡಿದವರು, ಹಳೆಯ ಡಿಟೆಕ್ಟರುಗಳು ಖಾಲಿ ಎಂದು ಬಿಟ್ಟ ನೆಲಕ್ಕೆ ಮರಳಿ ಹೋಗಿ ಗಟ್ಟಿಗಳನ್ನು ಎತ್ತಿದರು. 2023ರಲ್ಲಿ ಹವ್ಯಾಸಿಯೊಬ್ಬ ಸುದ್ದಿಯಾದ. ಅವನ ಕೈಯಲ್ಲಿದ್ದದ್ದು ಇದೇ ಕಂಪನಿಯ ಅಗ್ಗದ ಯಂತ್ರ, ಸಿಕ್ಕ 4.6 ಕಿಲೋ ಕಲ್ಲಿನಲ್ಲಿ ಚಿನ್ನ 2.6 ಕಿಲೋ, ಬೆಲೆ 2 ಲಕ್ಷ 40 ಸಾವಿರ ಆಸ್ಟ್ರೇಲಿಯನ್ ಡಾಲರ್.

ಇಂಥ ಸುದ್ದಿ ಓದಿ ಹೊರಡುವವರಿಗೆ ಮೊದಲು ಸಿಗುವುದು ಮೊಳೆ. ಹಳೆಯ ಬೂಟಿನ ಮೊಳೆ, ಬಂದೂಕಿನ ಸೀಸದ ಗುಂಡು, ಡಬ್ಬಿಯ ಚೂರು, ಬಾಟಲಿ ಮುಚ್ಚಳ. ನೂರು ಸಲ ಮಂಡಿಯೂರಿ ನೂರು ಸಲ ತಗಡು ಹೆಕ್ಕಿದ ಮೇಲೆ, ಗುಂಜಿ ತೂಕದ ಹಳದಿ ಕಾಳೊಂದು ಅಂಗೈಗೆ ಬಂದರೂ ಬಂತು. ಪಳಗಿದವರು ಯಂತ್ರದ ಏಕನಾದ ಎಲ್ಲಿ ತುಸು ತಗ್ಗುತ್ತದೆ, ಎಲ್ಲಿ ಏರುತ್ತದೆ ಎಂಬುದನ್ನು ತಂಬೂರಿಯ ಶ್ರುತಿ ಕೇಳುವವರಂತೆ ಹಿಡಿಯುತ್ತಾರೆ. ಅವಸರವಿಲ್ಲದೆ ನಡೆಯುತ್ತಾರೆ, ಹಳೆಯ ನಕ್ಷೆ ಓದುತ್ತಾರೆ, ಅಜ್ಜಂದಿರ ಗುಂಡಿಗಳ ಅಂಚು ನೋಡುತ್ತಾರೆ.

ಚಿನ್ನವಲ್ಲದ್ದೂ ಒಮ್ಮೊಮ್ಮೆ ಚಿನ್ನವನ್ನು ಮೀರಿಸುತ್ತದೆ. 2015ರಲ್ಲಿ ಮೇರಿಬರೊ ಬಳಿ ಹವ್ಯಾಸಿಯೊಬ್ಬನಿಗೆ 17 ಕಿಲೋದ ಕೆಂಪು ಕಲ್ಲೊಂದು ಸಿಕ್ಕಿತು. ಒಳಗೆ ಚಿನ್ನವಿದೆಯೆಂದು ನಂಬಿ ಗರಗಸ, ಡ್ರಿಲ್, ಆಮ್ಲ, ಸುತ್ತಿಗೆ ಎಲ್ಲ ಪ್ರಯೋಗಿಸಿದ, ಕಲ್ಲು ಒಡೆಯಲಿಲ್ಲ. ಕೆಲವು ವರ್ಷದ ಮೇಲೆ ಮೆಲ್ಬರ್ನ್ ವಸ್ತುಸಂಗ್ರಹಾಲಯಕ್ಕೆ ಒಯ್ದಾಗ ಗೊತ್ತಾಯಿತು, ಅದು 460 ಕೋಟಿ ವರ್ಷ ಹಳೆಯ ಉಲ್ಕಾಶಿಲೆ. ವಿಕ್ಟೋರಿಯಾದಲ್ಲಿ ದಾಖಲಾದ ಚಿನ್ನದ ಗಟ್ಟಿಗಳು ಸಾವಿರಾರು, ಉಲ್ಕಾಶಿಲೆಗಳು ಅಂದಿಗೆ ಹದಿನೇಳೇ.

ನಮ್ಮ ನಾಡಿಗೂ ಮೇಲ್ಮಣ್ಣಿನ ಚಿನ್ನ ಅಪರಿಚಿತವಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದರು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಸೀಮೆಯಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡ. ನ್ಯೂಜಿಲೆಂಡಿನ ಮಾವೊರಿ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದ ಮೈಕಲ್ ಲಾವೆಲ್, ವಾರನ್ನನ ಬರಹ ಓದಿಯೇ 1871ರಲ್ಲಿ ಎತ್ತಿನಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟದ್ದು. ಅಲ್ಲಿಂದ ಮುಂದೆ ನಮ್ಮ ದಾರಿ ಬೇರೆಯಾಯಿತು. ಚಿನ್ನ ಕಂಪನಿಯದಾಯಿತು, ಆಮೇಲೆ ಸರ್ಕಾರದ್ದು; ಜಲಗಾರನ ಕೈಗೆ ಯಾವ ಹಕ್ಕಿನ ಕಾಗದವೂ ಬರಲಿಲ್ಲ. ಇಲ್ಲಿ ನಿಧಿಯಾಸೆಗೆ ಹಳೆಯ ದೇಗುಲಗಳ ಬುಡ ಬಗೆಯುವ ಕಳ್ಳರ ಸುದ್ದಿ ಆಗಾಗ ಬರುತ್ತದೆ. ಅದನ್ನೂ ಈ ಹವ್ಯಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಒಂದು ಯಾರೋ ಕಟ್ಟಿದ್ದನ್ನು ಕೆಡವುತ್ತದೆ. ಇನ್ನೊಂದು ಹುಡುಕುವುದು ನೆಲವೇ ಹೆತ್ತದ್ದನ್ನು.

ಹಾಗೆಂದು ವಿಕ್ಟೋರಿಯಾದ ನೆಲ ಗಾಯವಿಲ್ಲದೆ ಉಳಿದಿಲ್ಲ. ಬೆಂಡಿಗೊ ಸುತ್ತಲಿನ ಮೂಲನಿವಾಸಿಗಳಾದ ಜಾಜಾ ವುರುಂಗ್ ಜನ ಚಿನ್ನಕ್ಕಾಗಿ ಅಗೆದ ತಮ್ಮ ನಾಡನ್ನು ‘ತಲೆಕೆಳಗಾದ ನೆಲ’ ಎನ್ನುತ್ತಾರೆ. ಗುಂಡಿ ತೋಡಿದವರು ಮುಚ್ಚದೆ ಹೋದರು. 1850ರ ದಶಕದ ಗುಂಡಿಗಳು ಕಾಡಿನಲ್ಲಿ ಇಂದಿಗೂ ಬಾಯ್ತೆರೆದಿವೆ. ಈಗಿನ ಹಕ್ಕಿಗೆ ಹೊಣೆಯೂ ಅಂಟಿದೆ: ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಪಾಲು ನಿಷೇಧ, ಖಾಸಗಿ ಜಮೀನಿಗೆ ಒಡೆಯನ ಒಪ್ಪಿಗೆ, ಮೂಲನಿವಾಸಿಗಳ ನೆಲೆಗಳನ್ನು ಮುಟ್ಟುವಂತಿಲ್ಲ, ತೋಡಿದ ಗುಂಡಿ ಎಷ್ಟೇ ಸಣ್ಣದಿರಲಿ ಮುಚ್ಚಲೇಬೇಕು. ಹವ್ಯಾಸಿಗಳದೇ ಸಂಘವೊಂದು ಹುಟ್ಟಿದ್ದೂ ಹ್ಯಾಂಡ್ ಆಫ್ ಫೇತ್ ಸಿಕ್ಕ 1980ರಲ್ಲೇ. ಈ ಹಕ್ಕಿನ ಕಾವಲು ಅದರ ಕೆಲಸ.

ಮೆಲ್ಬರ್ನ್‌ನಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಬ್ಯಾಲರಾಟ್‌ನ ಸಾವರಿನ್ ಹಿಲ್ ಎಂಬ ಬಯಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದುಂಟು. ಇನ್ನೊಂದು ಗಂಟೆಯಷ್ಟು ಉತ್ತರಕ್ಕೆ ಹೋದರೆ ಡನೋಲಿ ಸಿಗುತ್ತದೆ. ವೆಲ್ಕಮ್ ಸ್ಟ್ರೇಂಜರ್ ಕರಗಿಹೋಗಿದೆ. ಅದರ ಫೋಟೋ ಇಲ್ಲ, ಕಂಡವರ ನೆನಪಿನಿಂದ ಬರೆದ ಚಿತ್ರವಿದೆ. ಆ ಗಟ್ಟಿಯನ್ನು ತುಂಡರಿಸಿದ ಅಡೆಗಲ್ಲು ಮಾತ್ರ ಅಲ್ಲಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ ಬನ್ನಿ.